ಡ್ಯಾಮ್ ನೋಡದೇ ಮುಗಿದ ಪಿಕ್‌ನಿಕ್

ಶನಿವಾರ ಬೆಳಿಗ್ಗೆ ಆರಕ್ಕೆ ಎದ್ದು ಕಿಟಕಿ ತೆಗೆದರೆ ಧೋ ಅಂತ ಮಳೆ. ಎದುರು ಮನೆಯ ಬೇವಿನ ಮರವೂ ಸರಿಯಾಗಿ ಕಾಣುತ್ತಿರಲಿಲ್ಲ. ಮೊಬೈಲ್ ತೆಗೆದರೆ ಹವಾಮಾನ ಇಲಾಖೆಯ ಯೆಲ್ಲೋ ಅಲರ್ಟ್. ಆದರೆ ಅಡುಗೆಮನೆಯಲ್ಲಿ ಬುತ್ತಿ ಆಗಲೇ ರೆಡಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಡಬ್ಬಿ ತುಂಬ ಮೊಸರು. ಅವ್ವ ನಾಲ್ಕಕ್ಕೇ ಎದ್ದಿದ್ದಳು.

ನಾನು ಬೆಂಗಳೂರಿನಿಂದ ಕಲಬುರಗಿಗೆ ಬಂದದ್ದು ಬರೀ ಎರಡು ದಿನಕ್ಕೆ. ಭಾನುವಾರ ರಾತ್ರಿ ವಾಪಸ್ ಟ್ರೇನ್. ಅವ್ವನ ಮೊಣಕಾಲಿನ ಆಪರೇಶನ್ ಆಗಿ ಏಳು ತಿಂಗಳು. ಅಂದಿನಿಂದ ಆಕೆ ಕಂಡದ್ದು ಮನೆ ಮತ್ತು ಆಸ್ಪತ್ರೆ, ಅಷ್ಟೇ. ಫೋನಿನಲ್ಲಿ ಕೇಳಿದ್ದೂ ಒಂದೇ ಒಂದು: "ಬಂದಾಗ ಒಮ್ಮಿ ಗಂಡೋರಿ ನಾಲಾ ಡ್ಯಾಮಿಗೆ ಕರಕೊಂಡ್ ಹೋಗವ್ವ. ತುಂಬಿದ ನೀರು ನೋಡಬೇಕು ಅನಸ್ತದ." ಆಕೆಯ ತವರು ಕಮಲಾಪುರದ ಕಡೆಗೆ.

"ಕ್ಯಾನ್ಸಲ್ ಮಾಡೂನು" ಅಂದರು ಅಪ್ಪ. ನನ್ನ ಗಂಡನದೂ ಅದೇ ಮಾತು. ಅವ್ವ ರೊಟ್ಟಿ ಗಂಟು ಕಟ್ಟುತ್ತಲೇ ಹೇಳಿದಳು: "ಬ್ಯಾಸಗ್ಯಾಗ ಬಿಸಲಂತೀರಿ, ಮಳಿಗಾಲದಾಗ ಮಳಿ ಅಂತೀರಿ, ಥಂಡ್ಯಾಗ ಈಕಿಗಿ ರಜಾ ಇರಲ್ಲ. ಮತ್ತ ನಾ ಯಾವಾಗ ಹೊರಗ ಬೀಳ್ಲಿ?"

ಉತ್ತರ ಯಾರ ಹತ್ತಿರವೂ ಇರಲಿಲ್ಲ. ನಮ್ಮ ಕಡೆ ಬೇಸಿಗೆ ಅಂದರೆ 43, 44 ಡಿಗ್ರಿ. ಹಸಿರು ಕಾಣುವುದೇ ಮಳೆ ಬಿದ್ದ ಮೇಲಿನ ಕೆಲವು ತಿಂಗಳು. ಅದರಲ್ಲೂ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಮಳೆ ಬೇಡ, ಹಸಿರು ಬೇಕು ಅಂದರೆ ಹೇಗೆ? ಒಂಬತ್ತಕ್ಕೆ ಮಳೆ ಸ್ವಲ್ಪ ಸಣ್ಣಗಾಯಿತು. ಹೊರಟೆವು.

ಹುಮನಾಬಾದ್ ರಿಂಗ್ ರೋಡ್ ದಾಟಿದ ಮೇಲೆ ಎರಡೂ ಕಡೆ ತೊಗರಿ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದ್ದು ನಿಮಗೆ ಗೊತ್ತಿರಬಹುದು. ಬೆಂಗಳೂರಿನ ಅಂಗಡಿಯಲ್ಲಿ ಪ್ಯಾಕೆಟ್ ಮೇಲೆ ಊರಿನ ಹೆಸರು ಕಂಡಾಗ ನಾನೂ ಹೆಮ್ಮೆಯಿಂದ ಫೋಟೊ ತೆಗೆದವಳೇ. ಆದರೆ ಅವತ್ತು ಅಪ್ಪ ನೋಡುತ್ತಿದ್ದದ್ದು ಬೆಳೆಯನ್ನಲ್ಲ, ಸಾಲುಗಳ ನಡುವೆ ನಿಂತ ನೀರನ್ನು. "ಎರಿ ಹೊಲ, ನೀರು ಲಗು ಇಂಗಲ್ಲ. ಇನ್ನ ನಾಕ್ ದಿನಾ ಹಿಂಗೇ ನಿಂತ್ರ ಬೇರು ಕೊಳೀತದ" ಅಂದರು. ಹಿಂದಿನ ಸೀಟಿನಲ್ಲಿ ಏಳು ವರ್ಷದ ಮಗಳು ಕಿಟಕಿಯಿಂದ ಕೈ ಹೊರಗೆ ಹಾಕಿ ಮಳೆ ಹಿಡಿಯುತ್ತಿದ್ದಳು. ಒಂದೇ ಮಳೆ. ಮುತ್ಯಾನಿಗೊಂದು ಥರ, ಮೊಮ್ಮಗಳಿಗೊಂದು ಥರ.

ಕಮಲಾಪುರದಲ್ಲಿ ಗಾಡಿ ನಿಲ್ಲಿಸಿದ್ದು ಕೆಂಪು ಬಾಳೆಹಣ್ಣಿಗೆ. ಇದಕ್ಕೂ ಜಿಐ ಟ್ಯಾಗ್ ಇದೆ. ಕಮಲಾಪುರ, ರಾಜನಾಳ, ನಾವನಿಹಾಳ ಸುತ್ತಲಿನ ಗುಡ್ಡಗಳ ನಡುವಿನ ತಗ್ಗಿನಲ್ಲಿ ಬೆಳೆಯುತ್ತದೆ. ಸಿಪ್ಪೆ ಕೆಂಪು, ಒಳಗಿನ ತಿರುಳು ಕೆನೆ ಬಣ್ಣ. ಗೊಬ್ಬರ, ನೀರು, ಕಾಯುವ ತಿಂಗಳು ಎಲ್ಲವೂ ಬೇರೆ ಬಾಳೆಗಿಂತ ಹೆಚ್ಚು ಬೇಕು. ಹಾಗಾಗಿ ರೇಟೂ ಹೆಚ್ಚು. ಶ್ರೀಮಂತರ ಹಣ್ಣು ಅನ್ನುವ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಅಜ್ಜನ ತೋಟದಲ್ಲೂ ಇತ್ತಂತೆ. ಬಾವಿ ಬತ್ತಿದ ಮೇಲೆ ತೆಗೆದರು. ಅವ್ವ ಕಾರಿನಲ್ಲೇ ಕೂತು ಒಂದೊಂದೇ ಹಣ್ಣು ಒತ್ತಿ ನೋಡಿ ಆರಿಸಿದಳು. ಏಳು ತಿಂಗಳಾದ ಮೇಲೆ ಆಕೆ ಬಾಜಾರದಲ್ಲಿ ಚೌಕಾಸಿ ಮಾಡಿದ್ದು ಅವತ್ತೇ.

ಅಲ್ಲಿಂದ ಡ್ಯಾಮಿಗೆಂದು ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದೆವು. ಗಂಡೋರಿ ನಾಲಾದ ನೀರು ಬೆಣ್ಣೆತೊರಾ ಸೇರಿ, ಕಾಗಿಣಾ ಸೇರಿ, ಕೊನೆಗೆ ಭೀಮಾಗೆ ಹೋಗುತ್ತದೆ ಅಂತ ಅಪ್ಪ ಮೊಮ್ಮಗಳಿಗೆ ವಿವರಿಸುತ್ತಿದ್ದರು. ಮಳೆ ಮತ್ತೆ ಜೋರಾಯಿತು. ಒಂದು ತಿರುವು ದಾಟಿದರೆ ಎದುರಿಗೆ ಹಳ್ಳ. ಸಣ್ಣ ಸೇತುವೆಯ ಮೇಲೆ ಕಂದು ನೀರು ಹರಿಯುತ್ತಿತ್ತು.

ನಮ್ಮ ಕಣ್ಣೆದುರೇ ಇಬ್ಬರು ಬೈಕಿನವರು ಕಾಲೆತ್ತಿಕೊಂಡು ದಾಟಿಹೋದರು.

"ಅವರೇ ಹೋದ್ರಲ್ಲ, ನಮ್ಮದು ಕಾರು" ಅಂದೆ ನಾನು. ಹೌದು, ಅಂದದ್ದು ನಾನೇ. ನಾಳೆ ರಾತ್ರಿ ಟ್ರೇನ್, ಮತ್ತೆ ಬರುವುದು ಯಾವಾಗಲೋ, ಅವ್ವ ಕೇಳಿದ್ದು ಇದೊಂದೇ. ತಲೆಯಲ್ಲಿ ಅಷ್ಟೇ ಓಡುತ್ತಿತ್ತು. ನನ್ನ ಗಂಡ ಗೇರ್ ಮೇಲೆ ಕೈಯಿಟ್ಟುಕೊಂಡು ನನ್ನ ಮುಖ ನೋಡಿದರು.

ಬೇಡ ಅಂದವಳು ಅವ್ವ. ಬರಲೇಬೇಕು ಅಂತ ಬೆಳಿಗ್ಗೆ ಹಟ ಹಿಡಿದಿದ್ದ ಅವ್ವ.

"ಗಾಡಿ ತಿರುಗಿಸ್ರಿ" ಅಂತ ಅಳಿಯನಿಗೆ ಹೇಳಿದಳು. "ಮ್ಯಾಲಿನ ನೀರು ಕಾಣ್ತದ. ಕೆಳಗ ರಸ್ತಾ ಅದನೋ ಇಲ್ಲೋ, ಯಾರಿಗ್ ಗೊತ್ತು?"

2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ನಮ್ಮ ಜಿಲ್ಲೆಯ ಹಳ್ಳಿಗಳಿಗೆ ನೀರು ನುಗ್ಗಿತ್ತಲ್ಲ, ಆಗ ಈ ಕಡೆಯ ಹಳ್ಳಗಳೂ ತುಂಬಿದ್ದವು. ನೀರಿಳಿದ ಮೇಲೆ ನೋಡಿದರೆ ಸೇತುವೆ ಮೇಲಿನ ಡಾಂಬರು ಚಾಪೆಯಂತೆ ಎದ್ದುಹೋಗಿತ್ತಂತೆ. ಸೋದರಮಾವ ಹೇಳಿದ್ದನ್ನು ಅವ್ವ ಮರೆತಿರಲಿಲ್ಲ. ಆಮೇಲೆ ನಾನೂ ಓದಿ ತಿಳಿದುಕೊಂಡೆ: ಒಂದಡಿ ಆಳದ ಹರಿಯುವ ನೀರು ಸಣ್ಣ ಕಾರನ್ನು ತಳ್ಳಿಕೊಂಡು ಹೋಗಬಲ್ಲದು, ಎರಡಡಿ ಇದ್ದರೆ ಬಹುತೇಕ ಎಲ್ಲ ಗಾಡಿಗಳನ್ನೂ. ಕಾರು ಭಾರ ಇರುತ್ತದೆ, ಏನಾಗಲ್ಲ ಅನ್ನುವ ನನ್ನ ಲೆಕ್ಕವೇ ತಪ್ಪಿತ್ತು.

ತಿರುಗಿದೆವು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮಗಳು ಮಾತ್ರ "ಹಂಗಾರ ಪಿಕ್‌ನಿಕ್ ಮುಗೀತಾ ಆಯಿ?" ಅಂತ ಕೇಳಿದಳು. "ಬುತ್ತಿ ಇನ್ನಾ ಹಂಗೇ ಅದಲ್ಲ, ಹ್ಯಾಂಗ ಮುಗೀತದ?" ಅಂದಳು ಅವ್ವ.

ಹೆದ್ದಾರಿಯಲ್ಲಿ ಕಲಬುರಗಿ ಕಡೆಗೆ ಬರುವಾಗ ಹೊಳಕುಂದಾದಲ್ಲಿ ಬಹಮನಿ ಕಾಲದ ಗುಮ್ಮಟಗಳಿವೆ. ನೂರಾರು ಸಲ ಬಸ್ಸಿನಿಂದ ನೋಡಿದ್ದೆ, ಒಮ್ಮೆಯೂ ಇಳಿದಿರಲಿಲ್ಲ. ಬಹಮನಿ ಸುಲ್ತಾನರು 1347ರಲ್ಲಿ ಕಲಬುರಗಿಯಿಂದ ಆಳಲು ಶುರುಮಾಡಿ, ಮುಂದಿನ ಶತಮಾನದಲ್ಲಿ ರಾಜಧಾನಿಯನ್ನು ಬೀದರಿಗೆ ಒಯ್ದರು. ಅವತ್ತು ಅಲ್ಲಿ ನಮ್ಮ ಬಿಟ್ಟು ಯಾರೂ ಇರಲಿಲ್ಲ. ಕಪ್ಪಗೆ ನೆನೆದ ಕಲ್ಲು, ಸುತ್ತ ಮೊಣಕಾಲೆತ್ತರದ ಹುಲ್ಲು, ಗುಮ್ಮಟದಿಂದ ಇಳಿಯುವ ನೀರು. ಅವ್ವ ನನ್ನ ಭುಜ ಹಿಡಿದು ಹತ್ತು ಹೆಜ್ಜೆ ನಡೆದಳು, ನಿಂತಳು, ಮತ್ತೆ ಹತ್ತು ಹೆಜ್ಜೆ ಹಾಕಿದಳು. ಕಮಾನಿನ ಕೆಳಗೆ ನಿಂತು ಮಳೆಯ ಸಪ್ಪಳ ಕೇಳಿದೆವು. ಸಮಾಧಿಗಳಿರುವ ಜಾಗದಲ್ಲಿ ಬುತ್ತಿ ಬಿಚ್ಚುವುದು ಬೇಡ ಅಂದರು ಅಪ್ಪ.

ಬುತ್ತಿ ಬಿಚ್ಚಿದ್ದು ರಸ್ತೆ ಬದಿಯ ಒಂದು ತಗಡಿನ ಚಹಾದಂಗಡಿಯಲ್ಲಿ. ಅಂಗಡಿಯ ಕಾಕಾ ಬೆಂಚು ಒರೆಸಿಕೊಟ್ಟು, "ಕುಂದರ್ರಿ, ಮಳಿ ನಿಂತ ಮ್ಯಾಲ ಹೋಗೀರಂತ" ಅಂದರು. ನಾವು ಅವರಿಗೆ ರೊಟ್ಟಿ, ಎಣ್ಣೆಗಾಯಿ ಕೊಟ್ಟೆವು. ಅವರು ಬಿಸಿ ಬಿಸಿ ಮಿರ್ಚಿ ಭಜಿ ಕೊಟ್ಟು ದುಡ್ಡು ತೊಗೊಳ್ಳಲಿಕ್ಕೆ ಒಪ್ಪಲೇ ಇಲ್ಲ. ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ ಎಲ್ಲರೂ ಕೂಗಿಯೇ ಮಾತಾಡಬೇಕಿತ್ತು. ಅವ್ವ ಎರಡು ಭಜಿ ಜಾಸ್ತಿ ತಿಂದಳು.

ಮರುದಿನ ಸೋದರಮಾವನಿಗೆ ಫೋನ್ ಮಾಡಿದರೆ, ಹಳ್ಳದ ನೀರು ಸಂಜೆಗೇ ಇಳಿದಿತ್ತಂತೆ. ರಸ್ತೆಗೂ ಏನೂ ಆಗಿಲ್ಲವಂತೆ. ಅಂದರೆ ನಾವು ದಾಟಿದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಆ 'ಬಹುಶಃ' ಒಂದನ್ನೇ ನಂಬಿ, ಗಾಡಿಯಲ್ಲಿದ್ದ ಐದೂ ಜನರನ್ನು ನೀರಿಗಿಳಿಸಲು ಹೊರಟಿದ್ದೆನಲ್ಲ ಅನ್ನುವುದು ಟ್ರೇನಿನಲ್ಲಿ ರಾತ್ರಿಯೆಲ್ಲ ಕೊರೆಯಿತು.

ಸ್ಟೇಶನ್ನಿಗೆ ಹೊರಡುವಾಗ ಅವ್ವ ಬ್ಯಾಗಿಗೆ ನಾಲ್ಕು ಕೆಂಪು ಬಾಳೆಹಣ್ಣು ಹಾಕಿದಳು. "ಇನ್ನಾ ಗಟ್ಟಿ ಅವ. ಎರಡು ದಿನ ಬಿಟ್ಟು ತಿನ್ರಿ" ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ದೀಪಾವಳಿಗಿ ಬರ್ತೀ ಇಲ್ಲೋ? ಡ್ಯಾಮಿನಾಗ ಆಗೂ ನೀರು ಇರ್ತದ."

ರಜೆಗೆ ಆಗಲೇ ಅರ್ಜಿ ಹಾಕಿದ್ದೇನೆ.