ದೋಷವು ಯಂತ್ರದ್ದೋ, ನಮ್ಮದೋ?

ವ್ಯಾಕರಣ, ಛಂದಸ್ಸುಗಳನ್ನು ಪಾಠ ಹೇಳುವ ಕನ್ನಡ ಪಂಡಿತನಿಗೆ ಹ್ಯಾಮ್ ರೇಡಿಯೋದ ಹವ್ಯಾಸವೇಕೆಂದು ಸಹೋದ್ಯೋಗಿ ಮಿತ್ರರು ವಿನೋದ ಮಾಡುವುದುಂಟು. ಶಬ್ದವೇ ನನ್ನ ವೃತ್ತಿಯಾಗಿರಲು, ಅದು ತಂತಿಯ ಹಂಗಿಲ್ಲದೆ ದೇಶದೇಶಗಳಿಗೆ ಸಂಚರಿಸುವ ವಿದ್ಯೆಯಲ್ಲಿ ನನಗೆ ಆಸಕ್ತಿ ಹುಟ್ಟಿದುದು ಆಶ್ಚರ್ಯವಲ್ಲ. ಕೇಂದ್ರ ಸರ್ಕಾರದ ಪರೀಕ್ಷೆಗೆ ಕುಳಿತು, ಪರವಾನಗಿ ಪಡೆದು, ಮನೆಯ ಮಹಡಿಯಲ್ಲಿ ಒಂದು ಟ್ರಾನ್ಸೀವರನ್ನು ಇರಿಸಿಕೊಂಡಿದ್ದೇನೆ. ಅದು ಕಲಿಸಿದ ಪಾಠವೊಂದನ್ನು ಈ ಸಂಚಿಕೆಯ ವಾಚಕ ಮಹಾಶಯರಲ್ಲಿ ನಿವೇದಿಸಿಕೊಳ್ಳುತ್ತೇನೆ.

ಈ ಯಂತ್ರದ ಚೇಷ್ಟೆಗಳು ಹಲವು. ಕೇಳುವಾಗ ಸರಿಯಾಗಿದ್ದು, ಮಾತನಾಡಲು ಮೈಕಿನ ಗುಂಡಿಯನ್ನು ಒತ್ತಿದೊಡನೆ ಆರಿಹೋಗುವುದು ಒಂದು. 100 ವಾಟಿನ ಯಂತ್ರವು ಕೇಳುವಾಗ ಒಂದೆರಡು ಆಂಪಿಯರಿನಿಂದ ತೃಪ್ತಿಪಡುತ್ತದೆ. ಮಾತನಾಡುವಾಗ ಸುಮಾರು 20 ಆಂಪಿಯರನ್ನು ಬೇಡುತ್ತದೆ. ವಿದ್ಯುತ್ತಿನ ತಂತಿ ತೆಳುವಾಗಿದ್ದರೆ, ಅದರ ತುದಿಗೆ ಕಿಲುಬು ಹಿಡಿದಿದ್ದರೆ, ಬೇಕಾದ 13.8 ವೋಲ್ಟು ದಾರಿಯಲ್ಲಿಯೇ ಸೊರಗುತ್ತದೆ. ಮಳೆಗಾಲದಲ್ಲಿ ಏರಿಯಲ್ಲಿನ ಕೇಬಲಿಗೆ ನೀರಿಳಿದರೆ ಕಳುಹಿಸಿದ ಶಕ್ತಿಯ ಒಂದು ಪಾಲು ಹಿಂದಿರುಗುತ್ತದೆ. ಆಗ ಯಂತ್ರವು ಆತ್ಮರಕ್ಷಣೆಗಾಗಿ ತನ್ನ ಬಲವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 7 ಮೆಗಾಹರ್ಟ್ಸಿನಲ್ಲಿ ಲೋಯರ್ ಸೈಡ್‌ಬ್ಯಾಂಡ್ ಬಳಸುವುದು ರೂಢಿ. ಮರೆತು ಅಪ್ಪರ್ ಇಟ್ಟರೆ ಏರುಸ್ವರವು ಇಳಿದು, ಇಳಿಸ್ವರವು ಏರಿ, ಅಚ್ಚಗನ್ನಡವೂ ಅರ್ಥವಾಗದ ಗೊಣಗಾಟವಾಗುತ್ತದೆ. ಇವಾವುದಕ್ಕೂ ಯಂತ್ರದ ಮುಚ್ಚಳವನ್ನು ಬಿಚ್ಚಬೇಕಾಗಿಲ್ಲ.

ಇಷ್ಟನ್ನು ಬಲ್ಲೆನೆಂಬ ಹೆಮ್ಮೆಯೇ ನನ್ನನ್ನು ಕೆಡಿಸಿತು. ಒಂಬತ್ತನೆಯ ತರಗತಿಯ ಹುಡುಗನೊಬ್ಬನು ಭಾನುವಾರಗಳಂದು ಬಂದು ನನ್ನ ಪಕ್ಕದಲ್ಲಿ ಕುಳಿತು ದೂರದ ದನಿಗಳನ್ನು ಆಲಿಸುತ್ತಿದ್ದನು. ಅಂತಹ ಒಂದು ಭಾನುವಾರ ಕಳೆದು ಮೂರು ದಿನ ನನ್ನ ಕರೆಗೆ ಯಾರೊಬ್ಬರೂ ಓಗೊಡಲಿಲ್ಲ. ಅನ್ಯರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು, ಮೀಟರು ಪೂರ್ಣಬಲವನ್ನು ತೋರುತ್ತಿತ್ತು, ಏರಿಯಲ್ಲೂ ನೆಟ್ಟಗಿತ್ತು. ಹುಡುಗನೇ ಏನನ್ನೋ ಕೆಡಿಸಿರಬೇಕೆಂದು ತೀರ್ಮಾನಿಸಿ, ತರಗತಿಯಲ್ಲಿಯೇ ಗದರಿದೆ.

"ಸರ್, ಸ್ಟೇಷನ್ ಹುಡುಕುವ ಚಕ್ರವೊಂದನ್ನು ಬಿಟ್ಟು ಬೇರೇನನ್ನೂ ನಾನು ಮುಟ್ಟಿಲ್ಲ" ಎಂದನು. ನಾನು ನಂಬಲಿಲ್ಲ. "ಇನ್ನು ಮೇಲೆ ಬರಬೇಡ" ಎಂದುಬಿಟ್ಟೆ.

ಮರುದಿನ ಹವ್ಯಾಸಿ ಮಿತ್ರರೊಬ್ಬರು ಬಂದು, ಯಂತ್ರದ ಪರದೆಯ ಮೂಲೆಯಲ್ಲಿ ಬೆಳಗುತ್ತಿದ್ದ 'ಸ್ಪ್ಲಿಟ್' ಎಂಬ ಪುಟ್ಟ ಅಕ್ಷರಗಳನ್ನು ತೋರಿಸಿದರು. ಆ ಗುಂಡಿಯನ್ನು ಒತ್ತಿದರೆ ಯಂತ್ರವು ಒಂದು ಆವರ್ತನದಲ್ಲಿ ಕೇಳಿ, ಮತ್ತೊಂದರಲ್ಲಿ ಮಾತನಾಡುತ್ತದೆ. ದೂರದೇಶದ ಅಪರೂಪದ ನಿಲಯಗಳನ್ನು ಅನೇಕರು ಒಮ್ಮೆಗೇ ಕೂಗುವುದರಿಂದ, ತಮ್ಮನ್ನು ಕೆಲವು ಕಿಲೋಹರ್ಟ್ಸ್ ಮೇಲೆ ಕರೆಯಿರೆಂದು ಅವರು ಸೂಚಿಸುವುದುಂಟು. ಲಾಗ್ ಪುಸ್ತಕವನ್ನು ತೆರೆದೆ. ಶನಿವಾರ ರಾತ್ರಿ ಅಂತಹ ನಿಲಯವೊಂದನ್ನು ಕರೆದುದು ನನ್ನದೇ ಕೈಬರಹದಲ್ಲಿತ್ತು. ಒತ್ತಿದವನೂ ನಾನೇ, ಮರೆತವನೂ ನಾನೇ. ಮೂರು ದಿನ ಯಾರೂ ಇಲ್ಲದೆಡೆಗೆ ಕೂಗುತ್ತಿದ್ದೆ.

ಗದರಿದುದು ಎಲ್ಲರೆದುರಿಗೆ, ಆದಕಾರಣ ತಪ್ಪೊಪ್ಪಿಗೆಯೂ ಎಲ್ಲರೆದುರಿಗೇ ಆಗತಕ್ಕದ್ದು. ತರಗತಿಯಲ್ಲಿ ನಿಂತು, "ತಮ್ಮಾ, ತಪ್ಪು ನನ್ನದು" ಎಂದೆ. ಹುಡುಗನು ತಲೆ ತಗ್ಗಿಸಿದನು. ಮುಂದಿನ ಭಾನುವಾರ ಬಂದನು.

ಈಗ ಯಂತ್ರದ ಬಳಿ ಒಂದು ಚೀಟಿಯನ್ನು ಅಂಟಿಸಿದ್ದೇನೆ. ಮೊದಲು ವಿದ್ಯುತ್ತು, ಅನಂತರ ಏರಿಯಲ್ಲು, ಬಳಿಕ ಗುಂಡಿಗಳು, ಕಟ್ಟಕಡೆಗೆ ಯಂತ್ರದ ಒಡಲು ಎಂಬುದು ನಾನು ಬರೆದ ಕ್ರಮ. ಅದನ್ನೋದಿದ ಹುಡುಗನು, "ಸರ್, ಎಲ್ಲಕ್ಕಿಂತ ಮೊದಲು ಲಾಗ್ ಪುಸ್ತಕ ನೋಡಬೇಕಲ್ಲವೇ?" ಎಂದನು. ಅದನ್ನೂ ಮೇಲ್ಗಡೆ ಅವನ ಕೈಯಿಂದಲೇ ಬರೆಯಿಸಿದ್ದೇನೆ. ವಿದ್ಯಾರ್ಥಿಯ ತಪ್ಪನ್ನು ಎಣಿಸುವ ಮುನ್ನ ಅಧ್ಯಾಪಕನು ತನ್ನ ಲೆಕ್ಕವನ್ನು ನೋಡಿಕೊಳ್ಳಬೇಕೆಂಬ ಸೂತ್ರವು ರೇಡಿಯೋಗೆ ಮಾತ್ರ ಸಲ್ಲುವುದಲ್ಲ.