ಎಲ್ ಅಕ್ಷರದ ಗುರುತು

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿರೋ ಯಾವ ಕಾರನ್ನಾದ್ರೂ ಹಿಂದಿನಿಂದ ನೋಡಿ. ಕಾರಿನ ಹೆಸರು, ಅದರ ಪಕ್ಕ ವೇರಿಯಂಟ್ ಹೇಳೋ ಎರಡು-ಮೂರು ಅಕ್ಷರ. ಸ್ಕ್ರೂ ಇಲ್ಲ, ವೆಲ್ಡಿಂಗ್ ಇಲ್ಲ. ಬಹುತೇಕ ಎಲ್ಲವೂ ನಿಂತಿರೋದು ತೆಳ್ಳಗಿನ ಡಬಲ್ ಸೈಡ್ ಫೋಮ್ ಟೇಪ್ ಮೇಲೆ. ಬಾಗಿಲಿನ ಬೀಡಿಂಗ್ ಕೂಡ ಹಾಗೇ. ಬಿಸಿಲು, ಮಳೆ, ವಾಟರ್ ಸರ್ವಿಸ್‌ನವರ ನೀರಿನ ಹೊಡೆತ ಎಲ್ಲ ತಡ್ಕೊಂಡು ವರ್ಷಗಟ್ಟಲೆ ಕೂತಿರುತ್ತೆ. ಬಿಡಿಸೋ ದಾರಿ ಗೊತ್ತಿದ್ರೆ ಮಾತ್ರ ಹತ್ತು ನಿಮಿಷದ ಕೆಲಸ. ಕಳೆದ ದಸರಾ ರಜೆಯಲ್ಲಿ ನಾವು ಆ ಕೆಲಸ ಮಾಡಿದೆವು.

ನಮ್ಮ ರೂಮ್‌ಮೇಟ್ ಒಬ್ಬ ತಿಪಟೂರಿನವನು. ಹಾಗಾಗಿ ಹಾಸ್ಟೆಲ್‌ನಲ್ಲಿ ಅವನ ಹೆಸರು ಕೊಬ್ಬರಿ. ಅವರ ಮನೆಯಲ್ಲಿ 2009ರ ಕೆಂಪು ಸ್ವಿಫ್ಟ್ ಇತ್ತು, ಎಲ್‌ಎಕ್ಸ್‌ಐ. ಅವನ ಕೊನೆ ವರ್ಷದ ಫೀಸಿಗೆ ಅಂತ ಅವರಪ್ಪ ಅದನ್ನ ಮಾರೋಕೆ ಹೊರಟಿದ್ರು. ನೋಡೋಕೆ ಬಂದ ಬ್ರೋಕರ್, ‘ಹಿಂದಿನ ಅಕ್ಷರ ಎಲ್ಲ ಸುಲಿದು ಹೋಗಿದೆ, ಹೊಸದು ಹಾಕ್ಸಿ’ ಅಂದ. ಹೋಗೋವಾಗ ಕೊಬ್ಬರಿ ಕಿವೀಲಿ ಇನ್ನೊಂದು ಮಾತು: ‘ಹಾಕೋದೇ ಹಾಕ್ತೀರ, ವಿಎಕ್ಸ್‌ಐ ಅಂತ ಹಾಕ್ಬಿಡಿ. ನಾಲ್ಕು ಕಾಸು ಜಾಸ್ತಿ ಬರುತ್ತೆ.’

ಅಂಗಡಿಯಲ್ಲಿ ಎರಡಕ್ಕೂ ಒಂದೇ ರೇಟು. ಕೊಬ್ಬರಿ ಎರಡನ್ನೂ ತಂದ.

ಮೊದಲು ಹಳೇದು ತೆಗೀಬೇಕು. ಸ್ಕ್ರೂಡ್ರೈವರ್ ತುರುಕಿ ಮೀಟೋದು ಎಲ್ಲರಿಗೂ ಬರೋ ಮೊದಲ ಯೋಚನೆ. ಹಾಗೆ ಮಾಡಿದ್ರೆ ಪೇಂಟ್ ಜೊತೆಗೇ ಬರುತ್ತೆ. ಕೆಲವು ಲಾಂಛನಗಳಿಗೆ ಹಿಂದೆ ಪಿನ್ನೋ ಕ್ಲಿಪ್ಪೋ ಇರುತ್ತೆ, ಅದನ್ನೂ ಮೊದಲೇ ನೋಡ್ಕೋಬೇಕು. ಟೇಪಿನ ಅಂಟು ವಿಸ್ಕೋಇಲಾಸ್ಟಿಕ್, ಅಂದ್ರೆ ಅರ್ಧ ರಬ್ಬರ್, ಅರ್ಧ ಜೇನುತುಪ್ಪ. ಜೋರಾಗಿ ಎಳೆದ್ರೆ ಗಟ್ಟಿ ಹಿಡಿಯುತ್ತೆ. ಬಿಸಿ ಮಾಡಿ ನಿಧಾನಕ್ಕೆ ಎಳೆದ್ರೆ ಬಿಟ್ಟುಕೊಡುತ್ತೆ. ಕೊಬ್ಬರಿಯ ಅಕ್ಕನ ಹೇರ್ ಡ್ರೈಯರ್ ಬಂತು. ಕೈಗೆ ಚೆನ್ನಾಗಿ ಬಿಸಿ ತಾಗೋವಷ್ಟು ಕಾಯಿಸಿ, ಗಾಳದ ನೈಲಾನ್ ದಾರವನ್ನ ಅಕ್ಷರದ ಹಿಂದೆ ತೂರಿಸಿ, ಗರಗಸದ ಥರ ಆ ಕಡೆ ಈ ಕಡೆ ಎಳೆದೆವು. ದಾರ ಕತ್ತರಿಸೋದು ಫೋಮನ್ನ, ಪೇಂಟನ್ನಲ್ಲ. ಅಂಟಿಗೆ ಶಿಯರ್‌ನಲ್ಲಿ ಶಕ್ತಿ ಹೆಚ್ಚು, ಭಾರ ಇಡೀ ಮೈಗೆ ಹಂಚಿಹೋಗುತ್ತೆ. ಪೀಲ್ ಮಾಡಿದ್ರೆ ಭಾರವೆಲ್ಲ ಒಂದು ಗೆರೆ ಮೇಲೆ ಬೀಳುತ್ತೆ. ಕ್ಲಾಸಲ್ಲಿ ಬೋರ್ಡ್ ಮೇಲೆ ನೋಡಿದ್ದ ಬಾಣಗಳು ಆವತ್ತು ಕೈಗೆ ಸಿಕ್ಕವು.

ಅಕ್ಷರ ಕೈಗೆ ಬಂದಾಗ ಗೊತ್ತಾಯ್ತು, ಅದು ಲೋಹವೇ ಅಲ್ಲ. ಎಬಿಎಸ್ ಪ್ಲಾಸ್ಟಿಕ್ ಮೇಲೆ ತಾಮ್ರ, ನಿಕಲ್, ಕೊನೆಗೆ ತೀರಾ ತೆಳು ಕ್ರೋಮ್ ಲೇಪ. ಉಳಿದ ಫೋಮನ್ನ ಹೆಬ್ಬೆರಳಲ್ಲಿ ಉಜ್ಜಿ ಉಂಡೆ ಮಾಡಿ ತೆಗೆದೆವು. ಅಂಟಿಗೆ ನೀಲಗಿರಿ ಎಣ್ಣೆ. ಥಿನ್ನರ್ ಬೇಡವೇ ಬೇಡ, ಅದು ಪೇಂಟನ್ನೂ ಕರಗಿಸಬಹುದು.

ಒರೆಸಿ ನೋಡಿದ್ರೆ ಅಕ್ಷರ ಇನ್ನೂ ಅಲ್ಲೇ ಇದೆ! ಇಷ್ಟು ವರ್ಷದ ಬಿಸಿಲಿಗೆ ಸುತ್ತಲಿನ ಕೆಂಪು ಮಾಸಿತ್ತು, ಅಕ್ಷರದ ಅಡಿಯ ಕೆಂಪು ಮಾತ್ರ ಶೋರೂಮಿಂದ ಬಂದ ದಿನದ ಹಾಗೇ ಇತ್ತು. ಕೊಬ್ಬರಿ ವಿಎಕ್ಸ್‌ಐ ಪ್ಯಾಕೆಟ್ಟನ್ನೇ ಅದರ ಮೇಲೆ ಹಿಡಿದು ನೋಡಿದ. ‘ವಿ’ ಕೆಳಗೆ ಚೂಪು, ‘ಎಲ್’ ಕೆಳಗೆ ಅಗಲ. ಹಳೇ ಎಲ್‌ನ ಪಾದ ಹೊರಗೆ ಇಣುಕುತ್ತಿತ್ತು.

‘ಕಾಂಪೌಂಡ್ ಹಾಕಿ ಉಜ್ಜಣ, ಹೋಗುತ್ತೆ’ ಅಂದ. ಸುಳ್ಳಲ್ಲ. ಮಾಸಿದ ಮೇಲ್ಪದರ ಸವೆದ್ರೆ ಒಳಗೂ ಹೊರಗೂ ಬಣ್ಣ ಹತ್ತಿರ ಬರುತ್ತೆ. ಡಬ್ಬಿ ಮುಚ್ಚಳ ತೆಗೆಯೋ ಹೊತ್ತಿಗೆ ಅಂಕಲ್ ಕಾಫಿ ಹಿಡ್ಕೊಂಡು ಬಂದ್ರು. ಎರಡು ಪ್ಯಾಕೆಟ್ ನೋಡಿದ್ರು. ಮಗನ ಮುಖ ನೋಡಿದ್ರು.

‘ಆವತ್ತು ದುಡ್ಡು ಸಾಲದೆ ಎಲ್ ತಗೊಂಡೆ ಕಣಪ್ಪಾ. ಇಷ್ಟು ವರ್ಷ ನಮ್ಮನ್ನ ಎಳೆದಿದ್ದು ಅದೇ. ಹೋಗೋ ಹೊತ್ತಲ್ಲಿ ಹೆಸರು ಬದಲಾಯಿಸಿ ಕಳಿಸೋದಾ?’

‘ಫೀಸು, ಅಪ್ಪಾ...’

‘ಕಮ್ಮಿ ಬಿದ್ರೆ ನಾನು ನೋಡ್ಕೋತೀನಿ. ತಗೊಳೋನೂ ನನ್ನಂಗೇ ಎಣಿಸ್ಕೊಂಡು ಬರ್ತಾನೆ.’

ಆರ್‌ಸಿ ನೋಡಿದ್ರೆ ಗೊತ್ತಾಗುತ್ತೆ, ಕಿಟಕಿಗೆ ಕೈಯಲ್ಲಿ ತಿರುಗಿಸೋ ಹಿಡಿ ಇದೆ, ಅದನ್ನ ನೋಡಿದ್ರೂ ಗೊತ್ತಾಗುತ್ತೆ ಅಂತ ನಮ್ಮ ತಲೆಯಲ್ಲಿ ಓಡ್ತಿತ್ತು. ಅಂಕಲ್ ಆ ಮಾತೇ ಎತ್ತಲಿಲ್ಲ. ಸಿಕ್ಕಿಬೀಳೋದು ಬಿಡೋದು ಅವರ ಲೆಕ್ಕದಲ್ಲೇ ಇರಲಿಲ್ಲ. ಕೊಬ್ಬರಿ ಸ್ವಲ್ಪ ಹೊತ್ತು ಸುಮ್ಮನಿದ್ದು ಡಬ್ಬಿ ಮುಚ್ಚಿದ.

ಹೊಸದು ಅಂಟಿಸೋಕೆ ಸಾಲು ನೇರ ಇರಬೇಕಲ್ಲ, ಗುರುತಿನ ಅಡಿಯಲ್ಲಿ ಮಾಸ್ಕಿಂಗ್ ಟೇಪ್ ಎಳೆದೆವು. ಈ ಟೇಪ್ ಹುಟ್ಟಿದ್ದೇ ಕಾರಿಗಾಗಿ. ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳ ಕಾಲ. ಒಂದು ಬಣ್ಣ ಮುಚ್ಚೋಕೆ ಅಂಟಿಸಿದ್ದನ್ನ ಕಿತ್ತರೆ ಪೇಂಟೂ ಕಿತ್ತು ಬರ್ತಿತ್ತು. ಆ ಪೇಂಟರ್‌ಗಳ ಒದ್ದಾಟ ನೋಡಿ 1925ರಲ್ಲಿ ತ್ರೀಎಂ ಕಂಪನಿಯ ರಿಚರ್ಡ್ ಡ್ರೂ ಇದನ್ನ ಮಾಡಿದ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು ಅವನು. (ಬ್ಯಾಕ್‌ಲಾಗ್ ಇರೋರು ಇದನ್ನ ಮನೆಯಲ್ಲಿ ಓದಿ ಹೇಳಬೇಡಿ.)

ಸೋಪು ನೀರಲ್ಲಿ ತೊಳೆದು, ಒಣಗಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆವು. ಸ್ಯಾನಿಟೈಸರ್ ನಡೆಯಲ್ಲ, ಅದರ ಗ್ಲಿಸರಿನ್ ಜಿಡ್ಡು ಉಳಿಯುತ್ತೆ. ಹಿಂದಿನ ಕಾಗದ ಸುಲಿದು ಅಕ್ಷರ ಇಟ್ಟರೆ, ಗುರುತಿನ ಮೇಲೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಕೂತುಕೊಳ್ತು. ಒಂದಷ್ಟು ಹೊತ್ತು ಗಟ್ಟಿ ಒತ್ತಿ ಹಿಡಿದೆವು. ಇಂಥ ಟೇಪಿಗೆ ಒತ್ತಿದ ಕೂಡಲೇ ಪೂರ್ತಿ ಹಿಡಿತ ಬರಲ್ಲ. ಇಪ್ಪತ್ತು ನಿಮಿಷಕ್ಕೆ ಸುಮಾರು ಅರ್ಧ, ಒಂದು ದಿನಕ್ಕೆ ಶೇ. 90, ಪೂರ್ತಿ ಆಗೋಕೆ 72 ಗಂಟೆ. ಅಂಟು ನಿಧಾನಕ್ಕೆ ಹರಿದು ಪೇಂಟಿನ ಸಣ್ಣ ಸಣ್ಣ ಏರುತಗ್ಗು ತುಂಬಬೇಕು. ದಿನಾ ಬೆಳಗ್ಗೆ ಕಾರು ತೊಳೀತಿದ್ದ ಅಂಕಲ್ ಮೂರು ದಿನ ಬಕೆಟ್ ಮುಟ್ಟಲಿಲ್ಲ.

ನಾವು ವಾಪಸ್ ಬಂದ ವಾರಕ್ಕೆ ಕಾರು ಹೋಯ್ತು. ಅಂದುಕೊಂಡಿದ್ದಕ್ಕಿಂತ ಕಮ್ಮಿಗೇ. ಉಳಿದಿದ್ದಕ್ಕೆ ಅಂಕಲ್ ಸೊಸೈಟಿಯಲ್ಲಿ ಸಾಲ ತೆಗೆದ್ರು. ಫೀಸು ಕಟ್ಟಿದ ದಿನ ಕೊಬ್ಬರಿ ರಸೀದಿಯನ್ನ ಒಂದು ಫೋಟೋ ತೆಗೆದು ಮನೆಗೆ ಕಳಿಸಿ, ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ವಿಎಕ್ಸ್‌ಐ ಪ್ಯಾಕೆಟ್ ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಅದು ಈಗ ನಮ್ಮ ರೂಮಿನ ಡ್ರಾಯರ್‌ನಲ್ಲಿದೆ, ಒಡೆದಿಲ್ಲ. ಕೆಲಸ ಸಿಕ್ಕ ಮೇಲೆ ಅಪ್ಪನಿಗೆ ನಿಜವಾದ ವಿಎಕ್ಸ್‌ಐ ಕೊಡಿಸಿ ಅದಕ್ಕೆ ಅಂಟಿಸ್ತೀನಿ ಅಂತಾನೆ.

‘ಅದು ಕಾರಿನ ಜೊತೆಗೇ ಬರುತ್ತಲ್ಲೋ’ ಅಂದೆವು.

‘ಗೊತ್ತು ಕಣ್ರೋ’ ಅಂದ. ಪ್ಯಾಕೆಟ್ ಮಾತ್ರ ಎಸೆದಿಲ್ಲ.