ನಡತೆಯ ಕಾಗದ

ಸೈನಿಕನನ್ನು ಕಳಿಸುವಾಗ ಹಾರ ಹಾಕುತ್ತೇವೆ. ಸತ್ತು ಬಂದರೆ ಬೀದಿಯುದ್ದಕ್ಕೂ ನಿಂತು ಕಣ್ಣೀರಿಡುತ್ತೇವೆ. ಬದುಕಿ ಬಂದು, ಕುಡಿತಕ್ಕೆ ಬಿದ್ದು, ಪೊಲೀಸರ ಕೈಗೆ ಸಿಕ್ಕಿದವನನ್ನು ಏನು ಮಾಡಬೇಕು? ಅಮೆರಿಕದವರು ಇದಕ್ಕೊಂದು ದಾರಿ ಹುಡುಕಿದ್ದಾರೆ.

ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ರಾಬರ್ಟ್ ರಸೆಲ್ ಎಂಬ ನ್ಯಾಯಾಧೀಶರಿದ್ದರು. ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದಿದ್ದವನೊಬ್ಬ ಅವರೆದುರು ತಲೆ ತಗ್ಗಿಸಿ ನಿಂತ. ಏನು ಕೇಳಿದರೂ ಸರಿಯಾದ ಉತ್ತರವಿಲ್ಲ. ಅದೇ ಯುದ್ಧ ಕಂಡಿದ್ದ ಇಬ್ಬರು ಅವನನ್ನು ಹೊರಗೆ ಕರೆದೊಯ್ದು ಸ್ವಲ್ಪ ಹೊತ್ತು ಮಾತಾಡಿಸಿದರು. ಮರಳಿ ಬಂದಾಗ ಅವನು ನೆಟ್ಟಗೆ ನಿಂತಿದ್ದನಂತೆ! 2008ರ ಜನವರಿಯಲ್ಲಿ ರಸೆಲ್ ಮಾಜಿ ಸೈನಿಕರಿಗೆಂದೇ ಒಂದು ಚಿಕಿತ್ಸಾ ನ್ಯಾಯಾಲಯ ತೆರೆದರು. ಈಗ ಆ ದೇಶದಲ್ಲಿ ಅಂಥವು ನೂರಾರಿವೆ. ಸೆರೆಮನೆಯ ಬದಲು ತಿಂಗಳುಗಟ್ಟಲೆ ಚಿಕಿತ್ಸೆ, ಮಾದಕ ವಸ್ತುವಿನ ಪರೀಕ್ಷೆ, ಆಗಾಗ ನ್ಯಾಯಾಧೀಶರ ಮುಂದೆ ಹಾಜರಿ. ಜೊತೆಗೆ ಅಣ್ಣನಂತೆ ಬೆನ್ನಿಗೆ ನಿಲ್ಲುವ ಇನ್ನೊಬ್ಬ ಮಾಜಿ ಸೈನಿಕ.

ಇದನ್ನೆಲ್ಲ ಓದಿ ಸಂತೋಷವಾಯಿತು. ಆದರೆ ಟೀಚರ್ ಬುದ್ಧಿ ನೋಡಿ, 'ಪ್ರವೇಶ ಯಾರಿಗೆ?' ಎಂದು ಕೇಳಿಯೇಬಿಟ್ಟಿತು. ನಿಯಮ ಊರಿಂದೂರಿಗೆ ಬೇರೆ. ಕೆಲವೆಡೆ ಸೈನ್ಯದಲ್ಲಿದ್ದರೆ ಸಾಕು. ಕೆಲವೆಡೆ ಅಪರಾಧಕ್ಕೂ ಯುದ್ಧದಿಂದಾದ ಮನಸ್ಸಿನ ಗಾಯಕ್ಕೂ ನಂಟು ತೋರಿಸಬೇಕು. ಘೋರ ಹಿಂಸೆಯ ಪ್ರಕರಣಗಳಿಗೆ ಬಹಳ ಕಡೆ ಬಾಗಿಲು ಮುಚ್ಚಿದೆ. ಸರ್ಕಾರಿ ವಕೀಲರ ಒಪ್ಪಿಗೆಯೂ ಸಾಮಾನ್ಯವಾಗಿ ಬೇಕು. ಇದರ ಮೇಲೆ ಅನೇಕ ಕಡೆ ಸೈನ್ಯದಿಂದ ಬಿಡುಗಡೆಯಾದ ಕಾಗದವನ್ನೂ ನೋಡುತ್ತಾರೆ.

ಆ ಕಾಗದವೆಂದರೆ ನಮ್ಮ ಟಿ.ಸಿ. ಇದ್ದ ಹಾಗೆ. ಬೆಂಚು ಮುರಿದವನಿಗೂ 'ನಡತೆ: ಉತ್ತಮ' ಎಂದೇ ನಾವು ಬರೆಯುತ್ತೇವೆ, ಒಂದು ಪದದಿಂದ ಹುಡುಗನ ದಾರಿ ಮುಚ್ಚಬಾರದಲ್ಲ! ಅಲ್ಲಿ ಹಾಗಲ್ಲ. 'ಗೌರವಯುತ'ದಿಂದ 'ಅಗೌರವ'ದವರೆಗೆ ಐದು ದರ್ಜೆಗಳಿವೆ. ಕೆಳಗಿನ ದರ್ಜೆ ಬಿದ್ದರೆ ಸರ್ಕಾರದ ಚಿಕಿತ್ಸೆಯೇ ಕಷ್ಟ. ಆ ಚಿಕಿತ್ಸೆಯನ್ನೇ ನೆಚ್ಚಿದ ನ್ಯಾಯಾಲಯ ಅಂಥವನನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತದೆ.

ಕಾಗದ ಕೆಟ್ಟದ್ದೇಕೆ? ಅಲ್ಲಿನ ಸರ್ಕಾರದ ಲೆಕ್ಕಪರಿಶೋಧಕರ 2017ರ ವರದಿ ಓದಿ ಮನಸ್ಸು ಭಾರವಾಯಿತು. 2011ರಿಂದ 2015ರವರೆಗೆ ದುರ್ನಡತೆಯ ಕಾರಣಕ್ಕೆ ಸೇನೆ ಹೊರಹಾಕಿದ್ದು 91,764 ಮಂದಿಯನ್ನು. ಅವರಲ್ಲಿ ನೂರಕ್ಕೆ 62 ಮಂದಿಗೆ, ಹೊರಬೀಳುವ ಮುಂಚಿನ ಎರಡು ವರ್ಷಗಳಲ್ಲಿ ಮನಸ್ಸಿನ ಆಘಾತ, ಮಿದುಳಿನ ಪೆಟ್ಟು, ಖಿನ್ನತೆ, ಕುಡಿತದಂಥ ಒಂದಲ್ಲ ಒಂದು ತೊಂದರೆಯನ್ನು ವೈದ್ಯರೇ ಗುರುತಿಸಿದ್ದರು. ಅಂದರೆ ಹಲವರ ಪಾಲಿಗೆ ಗಾಯವೇ ನಡತೆಯನ್ನು ಕೆಡಿಸಿರಬಹುದು, ಕೆಟ್ಟ ನಡತೆಯೇ ಮದ್ದಿಗೆ ಅಡ್ಡ ನಿಂತಿರಬಹುದು. ರೋಗ ಹೆಚ್ಚಾದವನನ್ನೇ ಆಸ್ಪತ್ರೆಯ ಹೊಸ್ತಿಲಲ್ಲಿ ತಡೆದಂತಾಯಿತಲ್ಲವೆ?

ಹಾಗೆಂದು ಎಲ್ಲರನ್ನೂ ಒಳಗೆ ಬಿಟ್ಟುಬಿಡಿ ಎನ್ನಲು ಹೆಣ್ಣಾದ ನನಗೆ ಬಾಯಿ ಬರುವುದಿಲ್ಲ. ಯುದ್ಧದ ಸಿಟ್ಟು ಮೊದಲು ಬಡಿಯುವುದು ಎಷ್ಟೋ ಸಲ ಮನೆಯವಳನ್ನೇ. ಹೆಂಡತಿಯ ಮೇಲೆ ಕೈಮಾಡಿದವನನ್ನು ಕೆಲವು ನ್ಯಾಯಾಲಯಗಳು ಸೇರಿಸಿಕೊಳ್ಳುತ್ತವೆ, ಕೆಲವು ಇಲ್ಲ. ಎರಡಕ್ಕೂ ಕಾರಣವಿದೆ. ಸೆರೆಗೆ ಹೋದವನು ಒಂದು ದಿನ ಅದೇ ಮನೆಗೆ, ಅದೇ ಗಾಯದೊಂದಿಗೆ ಮರಳಬಹುದು. ಹೊರಗೇ ಉಳಿದವನು ಈ ಸಂಜೆಯೇ ಬಾಗಿಲು ತಟ್ಟಬಹುದು.

ಕಾಗದದ ದರ್ಜೆ ನೋಡುವ ಬದಲು ಮನುಷ್ಯನ ಗಾಯ ನೋಡಲಿ ಎಂಬುದು ನನ್ನ ಆಸೆ. ಆದರೆ ಅವನ ಅರ್ಹತೆ ತೂಗುವ ದಿನ ಅವಳಿಗೂ ಒಂದು ಕುರ್ಚಿ ಹಾಕಲಿ. 'ನಿನಗೆ ಭಯವಿದೆಯೇನಮ್ಮಾ?' ಎಂದು ಮೊದಲು ಅವಳನ್ನು ಕೇಳಲಿ.